ಕೊರಳನ್ನು ಕಾಯುವ ಯಂತ್ರ

ಮುಂಬಯಿಯ ಫೋರ್ಟ್ ಭಾಗದಲ್ಲಿ ದುಡಿಯುವ ನಮ್ಮ ವಾಚಕರಿಗೆ ಬಾಂಬೆ ಜಿಮಖಾನಾದ ಮೈದಾನವು ಅಪರಿಚಿತವಲ್ಲ. ೧೮೭೫ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯ ಅಂಗಳದಲ್ಲಿ ಮಳೆಗಾಲದ ಕೆಸರಿನ ನಡುವೆ ರಗ್ಬಿ ಆಟಗಾರರು ಒಬ್ಬರನ್ನೊಬ್ಬರು ಬಿಗಿದಪ್ಪಿ, ತಲೆ ತಗ್ಗಿಸಿ, ಎದುರಾಳಿಗಳನ್ನು ನೂಕುವುದನ್ನು ಬೇಲಿಯಾಚೆಯಿಂದ ಕಂಡವರು ಅನೇಕರಿರಬಹುದು. ಈ ನೂಕಾಟಕ್ಕೆ ‘ಸ್ಕ್ರಮ್’ ಎಂದು ಹೆಸರು. ಹದಿನೈದು ಮಂದಿಯ ಆಟದಲ್ಲಿ ಪ್ರತಿ ಪಕ್ಷದ ಎಂಟು ಜನರು ಮೂರು ಸಾಲುಗಳಾಗಿ ಕೂಡಿ, ನಡುವೆ ಉರುಳಿಬಿಡುವ ಚೆಂಡಿಗಾಗಿ ಸೆಣಸುತ್ತಾರೆ. ನೋಡುವವರಿಗೆ ಇದು ಬರಿಯ ಒರಟುತನವೆನಿಸಬಹುದು. ಆದರೆ ಗುಂಪು ಕುಸಿದರೆ ಮುಂದಿನ ಸಾಲಿನವರ ಕೊರಳು ಮಡಚಿ, ಬೆನ್ನುಹುರಿಗೆ ಜೀವಾವಧಿ ಊನ ತಟ್ಟುವ ಅಪಾಯವಿದೆ. ಆದುದರಿಂದ ಇದನ್ನು ಕಲಿಸುವ ಬಗೆಯು ಆಟಕ್ಕಷ್ಟೇ ಸಂಬಂಧಿಸಿದ ವಿಷಯವಲ್ಲ.

ಸ್ಕ್ರಮ್ ಕಲಿಸಲು ಯಂತ್ರಗಳು ಬಂದು ಬಹುಕಾಲವಾಯಿತು. ಮೆತ್ತೆ ಕಟ್ಟಿ, ಭಾರ ಹೇರಿದ ಜಾರುಬಂಡಿಗೆ ಎಂಟು ಜನರೂ ಹೆಗಲು ಕೊಟ್ಟು ನೂಕುವುದೇ ಹಳೆಯ ಕ್ರಮ. ಬಂಡಿ ಎಷ್ಟು ದೂರ ಸರಿಯಿತೆಂಬುದು ಅದರಿಂದ ತಿಳಿಯುತ್ತಿತ್ತೇ ಹೊರತು, ಯಾವ ಕ್ಷಣದಲ್ಲಿ ಎಷ್ಟು ಬಲ ಬಿದ್ದಿತೆಂಬುದು ತಿಳಿಯುತ್ತಿರಲಿಲ್ಲ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಸಂಶೋಧಕರು ಇಂತಹ ಯಂತ್ರಕ್ಕೆ ಬಲಮಾಪಕಗಳನ್ನು ಜೋಡಿಸಿ ಈ ಕೊರತೆಯನ್ನು ನೀಗಿಸಿದರು. ಅಂತರರಾಷ್ಟ್ರೀಯ ದರ್ಜೆಯ ಗುಂಪು ಬಂದು ತಾಗಿದ ಕ್ಷಣದ ಬಲ ಸುಮಾರು ೧೬.೫ ಕಿಲೋನ್ಯೂಟನ್, ಎಂದರೆ ಕ್ವಿಂಟಲ್ ತೂಕದ ಹದಿನಾರಕ್ಕೂ ಹೆಚ್ಚು ಅಕ್ಕಿಮೂಟೆಗಳ ಭಾರ. ಅನಂತರ ನೂಕುತ್ತಿರುವಾಗಿನ ಬಲವಾದರೋ ಅದರ ಅರ್ಧದಷ್ಟು ಮಾತ್ರ. ದೊಡ್ಡ ಹೊರೆ ಬೀಳುವುದು ನೂಕುವಾಗ ಅಲ್ಲ, ಡಿಕ್ಕಿಯಲ್ಲಿ ಎಂಬುದು ಇದರಿಂದ ಸ್ಪಷ್ಟವಾಯಿತು.

ಈ ಅರಿವು ಕಾಗದದಲ್ಲೇ ಉಳಿಯಲಿಲ್ಲವೆಂಬುದು ಸಂತೋಷದ ಸಂಗತಿ. ಮುಂದಿನ ಸಾಲಿನ ಎರಡು ಬದಿಯ ಆಟಗಾರರು ಮೊದಲು ಎದುರಾಳಿಯ ಅಂಗಿಯನ್ನು ಹಿಡಿದುಕೊಂಡು, ಆಮೇಲೆ ತಾಗಬೇಕೆಂಬ ಕ್ರಮವು ೨೦೧೩ರಲ್ಲಿ ಜಾರಿಗೆ ಬಂದಿತು. ಡಿಕ್ಕಿಯ ಬಲ ಇದರಿಂದ ಸುಮಾರು ಕಾಲುಭಾಗ ತಗ್ಗಿತು. ಯಂತ್ರದ ಅಳತೆ ನಿಯಮವನ್ನು ತಿದ್ದಿದಾಗಲೇ ಅದು ಸಾರ್ಥಕ.

ಆದರೆ ಯಂತ್ರವೊಂದಿದ್ದರೆ ಸಾಕೆಂದು ಭ್ರಮಿಸಲಾಗದು. ನ್ಯೂಜಿಲೆಂಡಿನಲ್ಲಿ ೨೦೦೧ರಿಂದ ತರಬೇತುದಾರರಿಗೂ ತೀರ್ಪುಗಾರರಿಗೂ ಸುರಕ್ಷತೆಯ ಶಿಕ್ಷಣವನ್ನು ಕಡ್ಡಾಯ ಮಾಡಲಾಯಿತು. ಹಿಂದಿನ ವರ್ಷಗಳ ಲೆಕ್ಕದಂತೆ ೨೦೦೧ರಿಂದ ೨೦೦೫ರ ವರೆಗೆ ಸ್ಕ್ರಮ್‌ನಲ್ಲಿ ಒಂಬತ್ತು ಮಂದಿಗೆ ಬೆನ್ನುಹುರಿಯ ಗಾಯವಾಗಬಹುದೆಂಬ ಅಂದಾಜಿತ್ತು, ಆದದ್ದು ಒಬ್ಬನಿಗೆ. ಕಲಿಸುವವನಿಗೇ ಮೊದಲು ಕಲಿಸಿದ್ದರ ಫಲವಿದು. ಯಂತ್ರಕ್ಕೆ ಅಂಕೆ ಗೊತ್ತು. ಬಾಗಿದ ಬೆನ್ನು, ದಣಿದ ಕಾಲು, ಅಂಜಿದ ಮುಖ ಗೊತ್ತಿಲ್ಲ. ಮೆತ್ತೆಯು ಎದುರಾಳಿಯಂತೆ ತಿರುಗುವುದಿಲ್ಲ, ಕುಸಿಯುವುದಿಲ್ಲ. ನಮ್ಮ ಹೋಟೆಲುಗಳಿಗೆ ರುಬ್ಬುವ ಯಂತ್ರ ಬಂದಾಗ ತೋಳಿನ ಶ್ರಮ ತಗ್ಗಿತು, ಆದರೆ ಹಿಟ್ಟಿನ ಹದ ನೋಡುವ ಕೈ ಬೇಡವಾಗಲಿಲ್ಲ, ಇದೂ ಹಾಗೆಯೇ.

೨೦೨೫ರ ಜೂನಿನಲ್ಲಿ ಅಂಧೇರಿಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್ ಏಳು ಮಂದಿಯ ಆಟ. ಅದರ ಸ್ಕ್ರಮ್‌ನಲ್ಲಿ ಪಕ್ಷಕ್ಕೆ ಮೂವರೇ. ಆದರೂ ಅದನ್ನು ಕಂಡು ಮೈದಾನಕ್ಕಿಳಿಯುವ ಹುಡುಗರಲ್ಲಿ ಕೆಲವರು ನಾಳೆ ಹದಿನೈದರ ಆಟಕ್ಕೂ ಹೋಗುವರು. ಅವರ ಸಂಘಗಳಿಗೆ ನಮ್ಮ ಮಾತು ಇಷ್ಟೇ: ಹಣವಿದ್ದರೆ ಯಂತ್ರವನ್ನು ಕೊಳ್ಳಿರಿ, ಆದರೆ ಬಲ್ಲ ಗುರುವನ್ನು ಮೊದಲು ತನ್ನಿರಿ. ಕೊರಳನ್ನು ಗಟ್ಟಿಮಾಡಿ, ನಿಲುವನ್ನು ತಿದ್ದಿ, ಆಮೇಲೆ ಹೆಗಲು ಕೊಡಿಸಿರಿ. ಅಂಕೆಯನ್ನು ಏರಿಸುವ ಪೈಪೋಟಿಗೆ ಯಂತ್ರವನ್ನು ಬಳಸಿದರೆ ರಕ್ಷಕನೇ ಭಕ್ಷಕನಾದಾನು.

ದೇಹವನ್ನೇ ಬಂಡವಾಳವಾಗಿಸಿಕೊಂಡು ಊರುಬಿಟ್ಟು ಬಂದ ನಮ್ಮ ಜನರಿಗೆ ಒಂದು ಕೊರಳಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ಹುಡುಗನು ಈ ಆಟಕ್ಕೆ ಸೇರುವೆನೆಂದರೆ ತಡೆಯಬೇಕಾಗಿಯೂ ಇಲ್ಲ. ಯಾರು ಕಲಿಸುತ್ತಾರೆ, ಹೇಗೆ ಕಲಿಸುತ್ತಾರೆ ಎಂದು ಮೈದಾನಕ್ಕೆ ಹೋಗಿ ಒಮ್ಮೆ ವಿಚಾರಿಸಿ ಬರುವುದು ಹಿರಿಯರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.