ತಪ್ಪು ತೋರಿಸಿದವರಿಗೆ ಬಹುಮಾನ

ಮಕ್ಕಳನ್ನು ಸಾಫ್ಟ್‌ವೇರ್ ಇಂಜಿನಿಯರರನ್ನಾಗಿ ಮಾಡಬೇಕೆಂಬ ಬಯಕೆ ಈಗ ಮನೆಮನೆಯಲ್ಲಿಯೂ ಉಂಟು. ಆ ವೃತ್ತಿಯ ಸಂಬಳವೆಷ್ಟೆಂಬುದನ್ನು ತಂದೆತಾಯಿಗಳೆಲ್ಲರೂ ಬಲ್ಲರು. ಅದಕ್ಕೆ ಬೇಕಾದ ಶೀಲವಾವುದೆಂದು ವಿಚಾರಿಸುವವರು ವಿರಳ. ಆದುದರಿಂದ ಈ ತಿಂಗಳು, ಆ ವಿದ್ಯೆಯ ಹಿರಿಯರಲ್ಲೊಬ್ಬರಾದ ಅಮೆರಿಕಾ ದೇಶದ ಡೊನಾಲ್ಡ್ ಕ್ನೂತ್ ಎಂಬವರ ವೃತ್ತಾಂತವನ್ನು ವಾಚಕರ ಮುಂದಿಡುವೆನು.

ಕ್ನೂತರು 1938ರಲ್ಲಿ ಮಿಲ್ವಾಕಿ ನಗರದಲ್ಲಿ ಜನಿಸಿದರು. ತಂದೆ ಉಪಾಧ್ಯಾಯರು, ಜೊತೆಗೆ ಸಣ್ಣದೊಂದು ಮುದ್ರಣದ ಕೆಲಸವನ್ನು ನಡೆಯಿಸುತ್ತಿದ್ದರು, ಇಗರ್ಜಿಯಲ್ಲಿ ಆರ್ಗನ್ ವಾದ್ಯವನ್ನು ನುಡಿಸುತ್ತಿದ್ದರು. ಈ ಮೂರೂ ಮಗನಲ್ಲಿ ಫಲಿಸಿದವು. ಭೌತಶಾಸ್ತ್ರವನ್ನೋದಲು ಕಾಲೇಜಿಗೆ ಹೋದ ತರುಣನು ಅಲ್ಲಿಯ ಕಂಪ್ಯೂಟರಿಗೆ ಮನಸೋತು ಗಣಿತದ ಕಡೆಗೆ ತಿರುಗಿದನು. 1963ರಲ್ಲಿ ಡಾಕ್ಟರ್ ಪದವಿಯೂ, 1968ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಾಪಕತ್ವವೂ ಲಭಿಸಿದವು. ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಎಂಬ ಅವರ ಮಹಾಗ್ರಂಥದ ಮೊದಲ ಸಂಪುಟವು ಹೊರಬಂದುದೂ ಅದೇ ವರ್ಷ.

1977ರಲ್ಲಿ ಎರಡನೆಯ ಸಂಪುಟದ ಪುನರ್ಮುದ್ರಣಕ್ಕೆ ಕರಡುಗಳು ಬಂದವು. ಸೀಸದ ಮೊಳೆಗಳನ್ನು ಬಿಟ್ಟು ಹೊಸ ಛಾಯಾಯಂತ್ರದಿಂದ ಜೋಡಿಸಿದ ಆ ಪುಟಗಳು ಅಂದಗೆಟ್ಟಿದ್ದವು. ಬೇರೊಬ್ಬರಾಗಿದ್ದರೆ ಮುದ್ರಕನನ್ನು ಬೈದು ಸುಮ್ಮನಾಗುತ್ತಿದ್ದರು. ಇವರು ಗ್ರಂಥವನ್ನೇ ಬದಿಗಿಟ್ಟು, ಪುಟಜೋಡಣೆಯ ತಂತ್ರಾಂಶವೊಂದನ್ನು ಸ್ವತಃ ರಚಿಸತೊಡಗಿದರು. ಒಂದು ವರ್ಷದ ಕೆಲಸವೆಂದೆಣಿಸಿದ್ದು ಸುಮಾರು ಹತ್ತು ವರ್ಷ ಹಿಡಿಯಿತು. ಅದರ ಹೆಸರು ‘ಟೆಕ್’. ಕಲೆ, ಕೌಶಲ ಎರಡನ್ನೂ ಹೇಳುವ ಗ್ರೀಕ್ ಶಬ್ದದಿಂದ ಬಂದ ಹೆಸರದು. ಬಡಗಿಯೆಂಬರ್ಥದ ನಮ್ಮ ಸಂಸ್ಕೃತದ ‘ತಕ್ಷನ್’ ಶಬ್ದವು ಅದಕ್ಕೆ ಜ್ಞಾತಿ. ಈ ತಂತ್ರಾಂಶವನ್ನು ಅವರು ಮಾರಲಿಲ್ಲ. ಲೋಕಕ್ಕೆ ಉಚಿತವಾಗಿ ಕೊಟ್ಟರು. ಗಣಿತದ ಪ್ರಬಂಧಗಳು ಬಹುಮಟ್ಟಿಗೆ ಇಂದಿಗೂ ಇದರಿಂದಲೇ ಜೋಡಣೆಯಾಗುತ್ತವೆ.

ಇಂಜಿನಿಯರನ ದಿನನಿತ್ಯದ ಕೆಲಸವೆಂದರೆ ಹೊಸತನ್ನು ಬರೆಯುವುದೆಂದು ಜನ ತಿಳಿದಿರುವರು. ಬರೆದುದರಲ್ಲಿ ದೋಷವನ್ನು ಹುಡುಕುವುದೂ ಅಷ್ಟೇ ದೊಡ್ಡ ಕೆಲಸ. ಕ್ನೂತರು ಟೆಕ್ ರಚನೆಯಲ್ಲಿ ಕಂಡ ತಮ್ಮ ತಪ್ಪುಗಳನ್ನೆಲ್ಲ ದಿನಚರಿಯಂತೆ ಬರೆದಿಟ್ಟು, ಎಂಟುನೂರಕ್ಕೂ ಮೇಲ್ಪಟ್ಟ ಆ ದೋಷಗಳನ್ನು ವಿಂಗಡಿಸಿ, 1989ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಗ್ರಂಥದಲ್ಲಿ ತಪ್ಪು ತೋರಿಸಿದವರಿಗೆ 2 ಡಾಲರು 56 ಸೆಂಟು ಬಹುಮಾನವನ್ನು ಗೊತ್ತುಮಾಡಿದರು. ಟೆಕ್‌ನ ದೋಷಕ್ಕೆ ಸಲ್ಲುವ ಮೊತ್ತವು ವರ್ಷವರ್ಷಕ್ಕೆ ಇಮ್ಮಡಿಯಾಗುತ್ತ 327 ಡಾಲರು 68 ಸೆಂಟಿಗೆ ಏರಿ ನಿಂತಿತು. ಚೆಕ್ಕು ಪಡೆದ ಹಲವರು ಅದನ್ನು ನಗದು ಮಾಡಿಸದೆ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು!

ಇಷ್ಟು ದುಡಿದವರಿಗೆ ವಿನೋದಕ್ಕೆ ಬಿಡುವೆಲ್ಲಿ ಎನ್ನುವಿರಾ? ಮನೆಯಲ್ಲಿಯೇ ಎಂಟುನೂರಕ್ಕೆ ಮೇಲ್ಪಟ್ಟ ಕೊಳವೆಗಳುಳ್ಳ ಆರ್ಗನ್ ಕಟ್ಟಿಸಿಕೊಂಡು ನುಡಿಸಿದರು. 1990ರ ಮೊದಲ ದಿನದಿಂದ ಇ-ಮೇಲ್ ಬಳಕೆಯನ್ನೇ ತೊರೆದರು. ಆಳವಾದ ಅಧ್ಯಯನಕ್ಕೆ ಅಡೆತಡೆಯಿಲ್ಲದ ಕಾಲ ಬೇಕೆಂಬುದೇ ಅವರ ಕಾರಣ. ಆರ್ಗನ್ನಿಗಾಗಿ ಅವರು ರಚಿಸಿದ ದೀರ್ಘ ಕೃತಿಯೊಂದನ್ನು 2018ರಲ್ಲಿ, ಅವರ ಎಂಬತ್ತನೆಯ ಹುಟ್ಟುಹಬ್ಬದಂದು, ಸ್ವೀಡನ್ ದೇಶದಲ್ಲಿ ಮೊದಲಬಾರಿಗೆ ನುಡಿಸಲಾಯಿತು.

ಗೃಹಸ್ಥರೇ, ಇಂದು ಬ್ಯಾಂಕಿನ ಲೆಕ್ಕ, ರೈಲಿನ ಟಿಕೀಟು, ಆಸ್ಪತ್ರೆಯ ಯಂತ್ರ ಎಲ್ಲವೂ ಇಂತಹವರು ಬರೆದ ಸಾಲುಗಳಿಂದ ನಡೆಯುವುವು. ಅಲ್ಲಿ ಅಡಗಿಸಿಟ್ಟ ತಪ್ಪೊಂದು, ಬರೆದವನು ಎಂದೂ ಕಾಣದ ಸಾವಿರಾರು ಮಂದಿಗೆ ತಟ್ಟುವುದು. ತಪ್ಪನ್ನು ಅಡಗಿಸುವ ಅಭ್ಯಾಸವಾದರೋ ಹುಟ್ಟುವುದು ಮನೆಯಲ್ಲಿ, ಪೆಟ್ಟಿನ ಭಯದಿಂದ. ಆದುದರಿಂದ, ತಪ್ಪಿದ ಲೆಕ್ಕವನ್ನು ತಾನಾಗಿ ತಂದು ತೋರಿಸಿದ ಮಗುವನ್ನು ಗದರಿಸಬೇಡಿರಿ. ಹತ್ತಿರ ಕೂರಿಸಿಕೊಂಡು, ಎಲ್ಲಿ ತಪ್ಪಿತೆಂಬುದನ್ನು ಅದರ ಬಾಯಿಂದಲೇ ಹೇಳಿಸಿರಿ. ಶುಲ್ಕವಿಲ್ಲದೆ ಮನೆಯಲ್ಲಿಯೇ ಕಲಿಸಬಹುದಾದ ಪಾಠವಿದು.