ಕಮ್ಯುನಿಟಿ ಕಾಲೇಜು ಅಂದ್ರೆ ಯಾಕಷ್ಟು ಸಸಾರ?

"ಅಯ್ಯೋ, ಕಮ್ಯುನಿಟಿ ಕಾಲೇಜಾ?" ಕ್ಯಾಲಿಫೋರ್ನಿಯಾಕ್ಕೆ ಬಂದು ಇನ್ಫರ್ಮೇಶನ್ ಸಿಸ್ಟಮ್ಸ್ ಓದ್ತಿದೀನಿ ಅಂದಾಗ ಇಲ್ಲಿನ ನಮ್ಮ ಜನರೇ ಹೀಗೆ ಕೇಳ್ತಾರೆ. ಊರಲ್ಲಿ ಡಿಪ್ಲೊಮಾ ಓದಿದವರು, ಆಮೇಲೆ ಲ್ಯಾಟರಲ್ ಎಂಟ್ರಿಯಲ್ಲಿ ಬಿ.ಇ. ಮುಗಿಸಿದ್ರೂ, ಕೇಳಿಸಿಕೊಳ್ಳೋ ಅದೇ ದನಿ!

ಈ ಕಾಲೇಜುಗಳ ಕಥೆ ಹಳೇದು. ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಮೊದಲ ಸರ್ಕಾರಿ ಜೂನಿಯರ್ ಕಾಲೇಜು ಶುರುವಾಯ್ತು. ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗ 1947ರ ವರದಿಯಲ್ಲಿ, ಇಂಥ ಕಾಲೇಜು ಎಲ್ಲ ಊರಿನವರಿಗೂ ಕೈಗೆಟುಕಬೇಕು ಅಂತು. ಈಗ ಕ್ಯಾಲಿಫೋರ್ನಿಯಾ ಒಂದರಲ್ಲೇ 116 ಇವೆ. ಪ್ರವೇಶ ಪರೀಕ್ಷೆ ಇಲ್ಲ, ವಯಸ್ಸಿನ ಮಿತಿ ಇಲ್ಲ. ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್, ಅಂದ್ರೆ ಮೂರು ಯೂನಿಟ್‌ನ ಒಂದು ವಿಷಯಕ್ಕೆ 138. ಎರಡು ವರ್ಷದ ಓದು ಮುಗಿಸಿ ದೊಡ್ಡ ವಿಶ್ವವಿದ್ಯಾಲಯಕ್ಕೆ ವರ್ಗವಾಗಬಹುದು.

ಸೋವಿ ಅನ್ನೋ ಕಾರಣಕ್ಕಷ್ಟೇ ಹೊಗಳ್ತಿಲ್ಲ ನಾನು. ನನ್ನ ವಿಷಯಕ್ಕೆ ಇದಕ್ಕಿಂತ ಒಳ್ಳೆ ತರಗತಿ ಸಿಗೋದು ಕಷ್ಟ ಅನ್ನೋದೇ ನನ್ನ ವಾದ. ಇನ್ಫರ್ಮೇಶನ್ ಸಿಸ್ಟಮ್ ಅಂದ್ರೆ ಬರೀ ಕಂಪ್ಯೂಟರ್ ಅಲ್ಲ. ಯಂತ್ರ, ತಂತ್ರಾಂಶ, ಮಾಹಿತಿ, ಕೆಲಸದ ಕ್ರಮ, ಜನ - ಐದೂ ಸೇರಬೇಕು. ಮೊದಲ ನಾಲ್ಕನ್ನ ಪುಸ್ತಕ ಹೇಳಿಕೊಡುತ್ತೆ. ಐದನೆಯದು?

ಡೇಟಾಬೇಸ್ ಕ್ಲಾಸಲ್ಲಿ ಒಂದು ಸಂಜೆ ಪ್ರೈಮರಿ ಕೀ ಬಗ್ಗೆ ಚರ್ಚೆ. ಒಬ್ಬರ ದಾಖಲೆ ಇನ್ನೊಬ್ಬರದ್ದರ ಜೊತೆ ಬೆರೆಯದ ಹಾಗೆ ನೋಡಿಕೊಳ್ಳೋ ಗುರುತು ಅದು. ಹೈಸ್ಕೂಲ್ ಮುಗಿಸಿ ನೇರ ಬಂದ ಹುಡುಗ "ಹೆಸರು ಮತ್ತು ಹುಟ್ಟಿದ ದಿನ ಸಾಕಲ್ವಾ?" ಅಂದ. ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ ಬಂದಿದ್ದ ನರ್ಸ್ ನಕ್ಕುಬಿಟ್ಟರು. ಒಂದೇ ಹೆಸರಿನ ಇಬ್ಬರು ರೋಗಿಗಳು ಒಂದೇ ವಾರ್ಡಲ್ಲಿದ್ದರೆ ಏನಾಗುತ್ತೆ ಅಂತ ಅವರಿಗೆ ಗೊತ್ತು. ನಾನು ಹೇಳಿದೆ, ನಮ್ಮ ಕಡೆ ಅಪ್ಪ-ಅಮ್ಮನ ಕಾಲದವರಲ್ಲಿ ಎಷ್ಟೋ ಜನರ ಹುಟ್ಟಿದ ದಿನ ಜೂನ್ 1, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡಿದ್ದು ಅಂತ :-) ನಮ್ಮಪ್ಪನಿಗೆ ಲಾಸ್ಟ್ ನೇಮೇ ಇಲ್ಲ, ಇರೋದು ಇನಿಷಿಯಲ್ ಮಾತ್ರ ಅಂತಾನೂ ಸೇರಿಸಿದೆ. ಬರೀ ಹದಿನೆಂಟರ ಹುಡುಗರೇ ಇದ್ದ ತರಗತಿಯಲ್ಲಿ ಈ ಮಾತು ಬರ್ತಿತ್ತಾ?

ಹಾಗಂತ ಎಲ್ಲಾ ಚೆನ್ನಾಗಿಲ್ಲ. ವಿಶ್ವವಿದ್ಯಾಲಯಕ್ಕೆ ಹೋಗ್ತೀನಿ ಅಂತ ಬಂದವರಲ್ಲಿ ಬಹಳ ಜನ ಅಲ್ಲಿಗೆ ಮುಟ್ಟೋದೇ ಇಲ್ಲ. ಕೆಲಸ, ಮಕ್ಕಳು, ಬೇಕಾದ ವಿಷಯ ಬೇಕಾದ ಹೊತ್ತಿಗೆ ಸಿಗದಿರೋದು... ನಮ್ಮ ಎಚ್-4 ಹೆಣ್ಣುಮಕ್ಕಳಿಗೆ ಇನ್ನೊಂದು ಗೋಡೆ. ಈ ವೀಸಾದಲ್ಲಿ ಓದೋಕೆ ಅಡ್ಡಿಯಿಲ್ಲ. ಆದ್ರೆ ಕೆಲಸದ ಪರವಾನಗಿ 2015ರಿಂದ ಸಿಗ್ತಿರೋದು, ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದವರಿಗೆ ಮಾತ್ರ. ಓದು ಮುಗಿದರೂ ಕಾಯೋದು ಮುಗಿಯಲ್ಲ.

ಆದ್ರೂ ಮನೆಯಲ್ಲಿ ಸುಮ್ಮನೆ ಕೂತು ಬಿ.ಕಾಂ. ಮರೆಯೋದಕ್ಕಿಂತ ಇದು ಎಷ್ಟೋ ಮೇಲು. ಕಾಲೇಜನ್ನ ಅಳೆಯೋದಾದ್ರೆ ಯಾರನ್ನ ಹೊರಗಿಟ್ಟಿತು ಅನ್ನೋದಕ್ಕಿಂತ, ಒಳಗೆ ಬಂದವರಿಗೆ ಏನು ಕಲಿಸಿತು ಅಂತ ನೋಡೋಣ.

ನೀವೇನಂತೀರಾ? ಡಿಪ್ಲೊಮಾ ದಾರಿಯಲ್ಲಿ ಬಂದವರು ನಿಮ್ಮಲ್ಲೂ ಇರ್ತೀರಲ್ಲ, ನಿಮ್ಮ ಅನುಭವ ಖಂಡಿತ ಬರೀರಿ.