ಜಾಮ್ ಆದ ಎಂಜಿನ್ನು: ಬಿಚ್ಚಿ ನೋಡುವ ಮೊದಲೇ ಗುಜರಿಗೇಕೆ?

ಕಳೆದ ಬೇಸಿಗೆಯಲ್ಲಿ ನಮ್ಮ ಪವರ್ ಟಿಲ್ಲರು ಅಡಿಕೆ ತೋಟದ ನಡುವೆ ನಿಂತುಬಿಟ್ಟಿತು. ಸೊಕ್ಕೆ ಕಡೆಯ ಕೊಳವೆಬಾವಿ ತೋಟಗಳನ್ನು ಕಂಡವರಿಗೆ ಆ ಕಾಲದ ಧೂಳು ಎಂಥದೆಂದು ಹೇಳಬೇಕಾಗಿಲ್ಲ. ರೇಡಿಯೇಟರಿನ ಸಂದಿನಲ್ಲೆಲ್ಲ ಒಣಹುಲ್ಲು, ಧೂಳು ಕೂತು ನೀರು ಕುದ್ದು ಆರಿಹೋದದ್ದನ್ನು ನನ್ನ ಮಗ ಗಮನಿಸಲಿಲ್ಲ. ಎಂಜಿನ್ನು ಒಮ್ಮೆ ನರಳಿ ನಿಂತಿತು. ಹ್ಯಾಂಡಲ್ ಹಾಕಿ ಇಬ್ಬರು ತಿರುಗಿಸಿದರೂ ಅಲುಗಲಿಲ್ಲ.

ಯಂತ್ರ ಮಾರುವ ಅಂಗಡಿಯೊಂದಕ್ಕೆ ಫೋನ್ ಮಾಡಿದೆವು. ಬಿಚ್ಚುವುದಿರಲಿ, ಕಣ್ಣಿಂದಲೂ ನೋಡದೆ ತೀರ್ಪು ಬಂತು: "ಜಾಮ್ ಆಯ್ತಾ? ಅದರ ಕಥೆ ಮುಗೀತು ಬಿಡಿ, ಎಕ್ಸ್‌ಚೇಂಜ್‌ಗೆ ಹಾಕಿ." ಹಳೆಯದಕ್ಕೆ 15 ಸಾವಿರ, ಹೊಸದಕ್ಕೆ 2 ಲಕ್ಷದ ಮೇಲೆ. ಮಗನಿಗೂ ಹೊಸದರ ಮೇಲೆ ಮನಸ್ಸು. ನಾನು ಸಾಲದ ಅರ್ಜಿಯನ್ನೂ ತರಿಸಿದ್ದೆ. ಸಹಿ ಹಾಕುವ ಮುಂಚೆ ದಾವಣಗೆರೆಯ ಒಬ್ಬ ಹಳೆಯ ಮೆಕ್ಯಾನಿಕ್ಕನ್ನು ಕರೆಸಿದೆ. ಆತ ನನ್ನ ಮುಖ ನೋಡಿ, "ಯಜಮಾನ್ರೆ, ಮೊದ್ಲು ಬಿಚ್ಚಿ ನೋಡಾಣ, ಆಮೇಲೆ ಅಳೀರಂತೆ" ಎಂದ.

ಬಿಚ್ಚಿದಾಗ ಕಂಡದ್ದು ಇಷ್ಟು: ಕಾವಿಗೆ ಹಿಗ್ಗಿದ ಪಿಸ್ಟನ್ನು ಲೈನರಿಗೆ ಕಚ್ಚಿಕೊಂಡಿತ್ತು, ಲೈನರಿನ ಒಳಮೈ ಗೀರುಬಿದ್ದಿತ್ತು. ಕ್ರ್ಯಾಂಕ್ ಶಾಫ್ಟಿಗೆ ಏನೂ ಆಗಿರಲಿಲ್ಲ. ಲೈನರು, ಪಿಸ್ಟನ್ನು, ರಿಂಗು, ಕನೆಕ್ಟಿಂಗ್ ರಾಡಿನ ಬೇರಿಂಗು, ಹೆಡ್ ಗ್ಯಾಸ್ಕೆಟ್ಟು, ಅದರ ಜೊತೆಗೆ ವಾಲ್ವುಗಳನ್ನು ಉಜ್ಜಿಸಿದ್ದು, ಕೂಲಿ ಎಲ್ಲ ಸೇರಿ 24 ಸಾವಿರ ರೂಪಾಯಿ. ಒಂಬತ್ತು ದಿನ ಹಿಡಿಯಿತು. ಟಿಲ್ಲರು ಈಗಲೂ ಓಡುತ್ತಿದೆ.

ನನ್ನದೊಂದು ದುರಸ್ತಿಯಾಯಿತೆಂದು ಎಲ್ಲರದೂ ಆಗುತ್ತದೆಂದು ಹೇಳಲಾರೆ. ಆದರೆ 'ಜಾಮ್' ಎಂಬುದು ಒಂದೇ ರೋಗದ ಹೆಸರಲ್ಲ. ನೀರು ಆರಿ ಕಾವೇರಿದ್ದು ಒಂದು, ಆಯಿಲ್ ಇಲ್ಲದೆ ಓಡಿದ್ದು ಇನ್ನೊಂದು. ಏರ್ ಕ್ಲೀನರಿನ ಎಣ್ಣೆ ಬದಲಿಸದೆ ಧೂಳು ಎಳೆದುಕೊಂಡು ತಿಂಗಳುಗಟ್ಟಲೆ ಸವೆದದ್ದು ಮತ್ತೊಂದು, ನಮ್ಮ ಜಗಳೂರು ಸೀಮೆಯಲ್ಲಿ ಇದೇ ಹೆಚ್ಚು. ಮಲೆನಾಡಿನ ಕಾಫಿ ಬೆಳೆಗಾರರ ತೊಂದರೆ ಬೇರೆ. ಪಲ್ಪರಿನ ಎಂಜಿನ್ನು ಹಣ್ಣಿನ ಕಾಲದಲ್ಲಿ ಮಾತ್ರ ಓಡಿ, ಉಳಿದ ತಿಂಗಳು ಮಳೆಯ ತೇವದಲ್ಲಿ ಮಲಗಿರುತ್ತದೆ. ರಿಂಗುಗಳು ತುಕ್ಕಿಗೆ ಅಂಟಿಕೊಳ್ಳುತ್ತವೆ. ಅಂಥದ್ದಕ್ಕೆ ಇಂಜೆಕ್ಟರ್ ತೆಗೆದು ಸಿಲಿಂಡರಿಗೆ ಡೀಸೆಲ್ ಸುರಿದು ಎರಡು ಮೂರು ದಿನ ನೆನೆಯಲು ಬಿಟ್ಟು, ಫ್ಲೈವೀಲನ್ನು ಕೈಯಿಂದ ಹಿಂದೆಮುಂದೆ ಮೆಲ್ಲಗೆ ಆಡಿಸಿದರೆ ಎಷ್ಟೋ ಸಲ ಬಿಡುತ್ತದೆ. ಬಿಟ್ಟಮೇಲೂ ಆಯಿಲ್ ಬದಲಿಸಿ, ಕಂಪ್ರೆಷನ್ ನೋಡದೆ ಓಡಿಸಬಾರದು.

ಕೆಲವರು ಮಾಡುವ ಒಂದು ಕೆಲಸವನ್ನು ಮಾತ್ರ ದಯವಿಟ್ಟು ಮಾಡಬೇಡಿ: ಗೇರಿಗೆ ಹಾಕಿ ಟ್ರ್ಯಾಕ್ಟರಿನಿಂದ ಎಳೆಯುವುದು. ಸಿಲಿಂಡರಿನೊಳಗೆ ನೀರು ಸೇರಿ ಜಾಮ್ ಆಗಿದ್ದರೆ ಕನೆಕ್ಟಿಂಗ್ ರಾಡು ಬಗ್ಗುತ್ತದೆ, ಮುರಿದರೆ ಬ್ಲಾಕನ್ನೇ ತೂತು ಮಾಡುತ್ತದೆ. ಸಾವಿರಗಳಲ್ಲಿ ಮುಗಿಯುವುದನ್ನು ನಾವೇ ಗುಜರಿಗೆ ಕಳಿಸಿದಂತಾಗುತ್ತದೆ.

ಹಾಗಾದರೆ ಹೊಸದು ಯಾವಾಗ? ಬ್ಲಾಕ್ ಒಡೆದಿದ್ದರೆ, ಕ್ರ್ಯಾಂಕ್ ಬಗ್ಗಿದ್ದರೆ ಯೋಚಿಸಬೇಕಾದದ್ದೇ. ಕ್ರ್ಯಾಂಕಿಗೆ ಬರೀ ಗೀರು ಬಿದ್ದಿದ್ದರೆ ಲೇತಿನವರು ಕಾಲು ಮಿಲಿಮೀಟರ್, ಅರ್ಧ ಮಿಲಿಮೀಟರ್ ಉಜ್ಜಿ ಅದಕ್ಕೆ ಸರಿಯಾದ ಬೇರಿಂಗು ಹಾಕಿ ಕೊಡುತ್ತಾರೆ. ಎಂಜಿನ್ನಿನ ಜೊತೆ ಗೇರ್ ಬಾಕ್ಸೂ ರೋಟರಿಯೂ ಸವೆದು ಹೋಗಿದ್ದರೆ ಎಂಜಿನ್ನಿಗೆ ದುಡ್ಡು ಸುರಿಯುವುದು ಬೀಳುವ ಗೋಡೆಗೆ ಸುಣ್ಣ ಬಳಿದಂತೆ. ದುರಸ್ತಿಯ ಲೆಕ್ಕ ಹೊಸದರ ಅರ್ಧ ಬೆಲೆ ಮುಟ್ಟಿದರೆ ನಾನಂತೂ ಕೈಬಿಡುತ್ತೇನೆ.

ಬಿಡಿಭಾಗದ ಪ್ರಶ್ನೆಯೂ ಉಂಟು. ಬೆಂಗಳೂರಿನ ವಿ.ಎಸ್.ಟಿ. ಕಂಪನಿ 1967ರಲ್ಲಿ ಮಿತ್ಸುಬಿಷಿ ಸಹಯೋಗದಿಂದ ಶುರುವಾದದ್ದು. ಕೇರಳ ಸರ್ಕಾರದ ಕ್ಯಾಮ್ಕೊ 1973ರದು, ಅದರ ಎಂಜಿನ್ನು ಕುಬೋಟ ಮೂಲದ್ದು. ಇಂಥ ಹಳೆಯ ಮಾದರಿಗಳ ಲೈನರು, ಪಿಸ್ಟನ್ನು ಹುಡುಕುವುದು ಕಷ್ಟವಲ್ಲ. ನಡುವೆ ಅಗ್ಗಕ್ಕೆ ಬಂದ ಚೀನಾ ಟಿಲ್ಲರುಗಳನ್ನು ಕೊಂಡವರ ಪಾಡು ಹಾಗಲ್ಲ. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಪವರ್ ಟಿಲ್ಲರು ಮತ್ತು ಅದರ ಭಾಗಗಳ ಆಮದಿಗೆ ನಿರ್ಬಂಧ ಹಾಕಿತು. ಅಂಥ ಯಂತ್ರ ಇದ್ದವರು ಬಿಚ್ಚುವ ಮೊದಲೇ ಭಾಗ ಸಿಗುತ್ತದೆಯೇ ಎಂದು ವಿಚಾರಿಸಿಕೊಳ್ಳುವುದು ಲೇಸು.

ಕಳೆ ಕೊಚ್ಚುವ ಚಿಕ್ಕ ಎರಡು ಸ್ಟ್ರೋಕಿನ ಯಂತ್ರದ ಮಾತು ಬೇರೆ. ಆಯಿಲ್ ಬೆರೆಸದ ಬರೀ ಪೆಟ್ರೋಲ್ ಹಾಕಿ ಕೂಲಿಯವರು ಜಾಮ್ ಮಾಡುವುದು ಪ್ರತಿ ಮಳೆಗಾಲದ ಕಥೆ. ಒಳ್ಳೆಯ ಕಂಪನಿಯದಾದರೆ ಸಿಲಿಂಡರ್, ಪಿಸ್ಟನ್ ಜೋಡಿ ಹಾಕಿಸಿ. ಅಗ್ಗದ್ದಾದರೆ ಬಿಚ್ಚುವ ಕೂಲಿಯೂ ದಂಡವೇ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. 2014-15ರಲ್ಲಿ ಕೇಂದ್ರ ಸರ್ಕಾರದ ಕೃಷಿ ಯಾಂತ್ರೀಕರಣ ಉಪ ಅಭಿಯಾನ ಶುರುವಾದಮೇಲೆ ಹೊಸ ಯಂತ್ರಕ್ಕೆ ಸಹಾಯಧನ ಸಿಗುತ್ತಿದೆ, ಅದು ಸಂತೋಷವೇ. ಆದರೆ ಮನೆಯಲ್ಲಿರುವ ಯಂತ್ರವನ್ನು ಉಳಿಸಿಕೊಳ್ಳುವವನಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ಹೀಗಾಗಿ ಸಹಾಯಧನದ ಮಾತು ಕೇಳಿದೊಡನೆ ರೈತ ತನ್ನ ಪಾಲಿನ ಸಾಲವನ್ನು ಮರೆಯುತ್ತಾನೆ. ನಮ್ಮ ಹೋಬಳಿಯ ಒಬ್ಬ ಬೆಳೆಗಾರರು ಜಾಮ್ ಆದ ಟಿಲ್ಲರನ್ನು ತೂಕದ ಲೆಕ್ಕದಲ್ಲಿ ಕೊಟ್ಟರು. ಮುಂದಿನ ಹಂಗಾಮಿಗೆ ಅದೇ ಟಿಲ್ಲರು, ಬಾನೆಟ್ಟಿಗೆ ಹೊಸ ಬಣ್ಣ ಹೊಡೆಸಿಕೊಂಡು, ಪಕ್ಕದ ಊರಿನ ತೋಟದಲ್ಲಿ ಉಳುಮೆ ಮಾಡುತ್ತಿತ್ತು. ಇವರು ಹೊಸದರ ಕಂತು ಕಟ್ಟುತ್ತಿದ್ದರು. ಅಡಿಕೆ ಧಾರಣೆ ಏರಿದ ವರ್ಷ ಕಂತು ಹಗುರ ಕಾಣುತ್ತದೆ. ಧಾರಣೆ ಬಿದ್ದು ಕೊಳವೆಬಾವಿಯೂ ಬತ್ತಿದ ವರ್ಷ ಅದೇ ಕಂತು ಕೊರಳಿಗೆ ಬರುತ್ತದೆ.

ಅವಸರವೇ ನಮ್ಮನ್ನು ಕೆಡಿಸುವುದು. ಚನ್ನಗಿರಿ ಕಡೆಯವರಿಗೆ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ವಾರದಲ್ಲೇ ಸ್ಪ್ರೇಯರಿನ ಎಂಜಿನ್ನು ಕೈಕೊಟ್ಟರೆ ಒಂಬತ್ತು ದಿನ ಕಾಯಿರಿ ಎಂದು ನಾನು ಹೇಳಿದರೆ ಬೈದಾರು. ಆಗ ಬಾಡಿಗೆಗೆ ತಂದು ಕೆಲಸ ಮುಗಿಸಿ, ನಮ್ಮದನ್ನು ಸಾವಕಾಶವಾಗಿ ಬಿಚ್ಚಿಸಬೇಕು. ಎರಡು ವಾರದ ಬಾಡಿಗೆ ಐದು ವರ್ಷದ ಕಂತಿಗಿಂತ ದೊಡ್ಡದಲ್ಲ.

ನಮ್ಮ ಸಂಘ ಗೊಬ್ಬರ, ಮೈಲುತುತ್ತ ಇಟ್ಟು ಮಾರುವಂತೆ, ಹೆಚ್ಚು ಬಳಕೆಯ ಎರಡು ಮೂರು ಮಾದರಿಗಳ ಲೈನರು, ಪಿಸ್ಟನ್ನು, ರಿಂಗುಗಳನ್ನು ಏಕೆ ಇಡಬಾರದು? ತಿಂಗಳಿಗೆರಡು ದಿನ ಒಬ್ಬ ಮೆಕ್ಯಾನಿಕ್ಕನ್ನು ಗೊತ್ತುಮಾಡಿ, ಬಿಚ್ಚಿ ನೋಡಿ ಅಂದಾಜು ಬರೆದುಕೊಡುವ ಏರ್ಪಾಟು ಮಾಡಬಹುದು. ಹೊಸ ಯಂತ್ರದ ಸಾಲದ ಅರ್ಜಿಗೆ ಆ ಚೀಟಿಯನ್ನು ಲಗತ್ತಿಸಬೇಕೆಂದು ಕೇಳಿದರೆ ಸಂಘದ ಹಣಕ್ಕೂ ಭದ್ರತೆ. 25 ಸಾವಿರದವರೆಗಿನ ದುರಸ್ತಿ ಸಾಲಕ್ಕೆ ಅವಕಾಶ ಕೊಡುವುದೂ ಅಸಾಧ್ಯವೇನಲ್ಲ. ಇದನ್ನು ಮುಂದಿನ ಸರ್ವ ಸದಸ್ಯರ ಸಭೆಯ ವಿಷಯಪಟ್ಟಿಗೆ ಸೇರಿಸಬೇಕೆಂದು ಕಾರ್ಯದರ್ಶಿಗಳಿಗೆ ಬರೆದುಕೊಟ್ಟಿದ್ದೇನೆ. ಗೀರುಬಿದ್ದ ನಮ್ಮ ಹಳೆಯ ಲೈನರು, ಪಿಸ್ಟನ್ನು ಗೋಣಿಚೀಲದಲ್ಲಿ ಕಟ್ಟಿಟ್ಟಿವೆ. ಸಭೆಗೆ ತರುತ್ತೇನೆ, ಮುಟ್ಟಿ ನೋಡುವವರು ನೋಡಬಹುದು.